ಊರುಭಂಗದಲ್ಲಿ ಗದೆಯ ಪೆಟ್ಟು

ಕಲಹವಿಲ್ಲದೆ ನಾಟಕವಿಲ್ಲ. ಆದರೆ ಕಲಹದಿಂದ ಹುಟ್ಟುವ ರಕ್ತಪಾತವನ್ನು ರಂಗದ ಮೇಲೆ ತೋರಿಸಬಹುದೆ ಎಂಬ ವಿಷಯದಲ್ಲಿ ನಮ್ಮ ಪೂರ್ವಿಕರು ಬಹಳ ಹಿಂದೆಯೇ ಒಂದು ಕಟ್ಟು ಮಾಡಿದ್ದರು. ಯುದ್ಧ, ರಾಜ್ಯನಾಶ, ಮರಣ, ನಗರದ ಮುತ್ತಿಗೆ, ಇವುಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ಕಾಣಿಸದೆ ಪ್ರವೇಶಕದ ಮೂಲಕ ತಿಳಿಸಬೇಕೆಂದು ಭರತನ ನಾಟ್ಯಶಾಸ್ತ್ರವು ವಿಧಿಸುತ್ತದೆ. ಈ ವಿಧಿಯ ಅರ್ಧವನ್ನು ಪಾಲಿಸಿ ಅರ್ಧವನ್ನು ಮುರಿದ ನಾಟಕವೊಂದುಂಟು. ಅದೇ 1912ರಲ್ಲಿ ಗಣಪತಿಶಾಸ್ತ್ರಿಗಳು ತಿರುವನಂತಪುರದಲ್ಲಿ ಅಚ್ಚು ಹಾಕಿಸಿದ ಊರುಭಂಗವು. ಇದರ ಕರ್ತೃವು ಭಾಸನೇ ಹೌದೆ ಎಂಬ ಪಂಡಿತರ ವಾದವು ಇನ್ನೂ ಮುಗಿದಿಲ್ಲ. ನಾವಂತೂ ಭಾಸನೆಂದೇ ಕರೆಯುತ್ತೇವೆ.

ಗದಾಯುದ್ಧವನ್ನು ಕವಿಯು ತೋರಿಸುವುದಿಲ್ಲ. ಮೂವರು ಭಟರು ರಣರಂಗದ ಅಂಚಿನಲ್ಲಿ ನಿಂತು ಕಂಡದ್ದನ್ನು ಹೇಳುತ್ತಾರೆ. ಭೀಮನು ಮೊದಲು ಕುಸಿಯುತ್ತಾನೆ. ಬಿದ್ದವನನ್ನು ಕೊಲ್ಲುವುದಿಲ್ಲವೆಂದು ದುರ್ಯೋಧನನು ಅಭಯವೀಯುತ್ತಾನೆ. ಆಗ ಕೃಷ್ಣನು ತನ್ನ ತೊಡೆಯನ್ನು ತಟ್ಟಿ ಸಂಜ್ಞೆ ಮಾಡುತ್ತಾನೆ. ಗದೆಯು ದುರ್ಯೋಧನನ ತೊಡೆಗಳ ಮೇಲೆ ಬೀಳುತ್ತದೆ. ಟೆಲಿವಿಷನ್ನಿನ ಧಾರಾವಾಹಿಗಳಲ್ಲಿ ವಾರಗಟ್ಟಲೆ ನಡೆಯುವ ಈ ಕಾಳಗವು ಇಲ್ಲಿ ಕೆಲವು ಶ್ಲೋಕಗಳಲ್ಲಿ ಮುಗಿದುಹೋಗುತ್ತದೆ. (ಆ ಗದೆಗಳ ಮಿಂಚನ್ನು ನೋಡಿ ಮಕ್ಕಳು ಕುಣಿಯುವುದನ್ನು ವಾಚಕರೂ ಕಂಡಿರಬಹುದು.)

ಪೆಟ್ಟನ್ನು ಮರೆಮಾಡಿದ ಕವಿಯು ಪೆಟ್ಟು ತಿಂದವನನ್ನು ಮಾತ್ರ ಮರೆಮಾಡಲಿಲ್ಲ. ಮುರಿದ ತೊಡೆಗಳನ್ನು ಎಳೆದುಕೊಂಡು, ಕೈಗಳನ್ನೂರಿ ನೆಲದ ಮೇಲೆ ತೆವಳುತ್ತ ಕುರುರಾಜನು ಬರುತ್ತಾನೆ. ಅವನನ್ನು ಹುಡುಕುತ್ತ ಕುರುಡನಾದ ತಂದೆ, ಕಣ್ಣು ಕಟ್ಟಿಕೊಂಡ ತಾಯಿ, ಇಬ್ಬರು ಹೆಂಡಿರು, ತಾತನ ಬಟ್ಟೆಯ ಅಂಚು ಹಿಡಿದು ದಾರಿ ತೋರುವ ಬಾಲಕ ದುರ್ಜಯ, ಇಷ್ಟು ಮಂದಿ ಬರುತ್ತಾರೆ. ನಡೆದು ದಣಿದ ಹುಡುಗನು ಅಭ್ಯಾಸದಂತೆ ತಂದೆಯ ತೊಡೆಯೇರಲು ಹೋಗುತ್ತಾನೆ. ತಂದೆ ತಡೆಯುತ್ತಾನೆ. ಏಕೆ ತಡೆಯುವೆಯೆಂದು ಮಗು ಕೇಳುತ್ತದೆ.

ಸಭೆಯಲ್ಲಿ ದ್ರೌಪದಿಗೆ ತೋರಿಸಿದ ತೊಡೆ, ಭೀಮನು ಮುರಿಯುವೆನೆಂದು ಶಪಥ ಮಾಡಿದ ತೊಡೆ, ಈ ಕೂಸು ದಿನವೂ ಕುಳಿತ ತೊಡೆ, ಮೂರೂ ಒಂದೇ. ಆ ಪೆಟ್ಟು ಅನ್ಯಾಯದ್ದಾದರೂ ಅಕಾರಣವಾದುದಲ್ಲ. ಆದರೂ ಅದು ತಾಗಿದ್ದು ಅಪರಾಧಿಗೊಬ್ಬನಿಗೇ ಅಲ್ಲವೆಂಬುದನ್ನು ಮಗುವಿನ ಒಂದು ಪ್ರಶ್ನೆಯಿಂದ ಕವಿಯು ತೋರಿಸಿದ್ದಾನೆ. ಗದೆಯನ್ನು ಎಷ್ಟು ಬೀಸಿ ತೋರಿಸಿದರೂ ಇದು ಸಾಧ್ಯವಾಗುತ್ತಿರಲಿಲ್ಲ. ನಮ್ಮ ರನ್ನನೂ ಕೌರವನಿಗಾಗಿ ನಮ್ಮ ಕಣ್ಣಲ್ಲಿ ನೀರು ತರಿಸಿದವನೇ. ಆದರೆ ಭೀಮನಲ್ಲಿ ತನ್ನ ಒಡೆಯನಾದ ಸತ್ಯಾಶ್ರಯನನ್ನು ಕಂಡ ಆ ಕವಿಗೆ ಪೆಟ್ಟು ಜಯದ ಪೆಟ್ಟೇ ಆಗಬೇಕಿತ್ತು.

ಇಲ್ಲಿ ದುರ್ಯೋಧನನು ಸಾಧುವಾಗಿಬಿಟ್ಟನೆಂದು ಕೆಲವರು ಹೇಳುವುದುಂಟು. ನೇಗಿಲನ್ನೆತ್ತಿ ಸೇಡಿಗೆ ಹೊರಟ ಬಲರಾಮನನ್ನು ಅವನು ತಡೆಯುತ್ತಾನೆ, ನಿಜ. ಪಾಂಡವರನ್ನು ತನ್ನಂತೆಯೇ ಸೇವಿಸೆಂದೂ, ಕುಂತಿಯ ಮಾತಿನಂತೆ ನಡೆಯೆಂದೂ, ದ್ರೌಪದಿಯನ್ನು ತಾಯಿಯೆಂದು ಪೂಜಿಸೆಂದೂ ಮಗನಿಗೆ ಬೋಧಿಸುತ್ತಾನೆ. ವ್ಯಾಸಭಾರತದಲ್ಲಿ ಅಶ್ವತ್ಥಾಮನಿಗೆ ಸೇನಾಪತ್ಯದ ಅಭಿಷೇಕ ಮಾಡಿಸಿದವನು ಇಲ್ಲಿ ಬಿಲ್ಲನ್ನು ಬಿಡೆಂದು ಅವನನ್ನೇ ಬೇಡುತ್ತಾನೆ. ಅಶ್ವತ್ಥಾಮನು ಕೇಳುವುದಿಲ್ಲ. ಆ ರಾತ್ರಿಯೇ ಪಾಂಡವರನ್ನು ಸುಡುವೆನೆಂದು ಶಪಥ ಮಾಡಿ, ಪಾಂಡವರ ಸೇವೆ ಮಾಡೆಂದು ಆಗತಾನೆ ಕೇಳಿದ ಆ ಬಾಲಕನನ್ನೇ ರಾಜನೆಂದು ಸಾರುತ್ತಾನೆ. ಆಗ ದುರ್ಯೋಧನನು ಏನೆನ್ನುತ್ತಾನೆ? ತನ್ನ ಮನಸ್ಸು ಬಯಸಿದ್ದು ನಡೆಯಿತೆನ್ನುತ್ತಾನೆ! ಈ ಒಂದು ಮಾತನ್ನು ಸಾಧುತ್ವವಾದಿಗಳು ಬಿಟ್ಟು ಓದುತ್ತಾರೆಂದು ನಮಗೆ ತೋರುತ್ತದೆ. ವೈರವನ್ನು ಬಿಟ್ಟವನ ಎದೆಯಲ್ಲಿಯೂ ರಾಜ್ಯದಾಸೆ ಉಳಿದೇ ಇತ್ತು. ಅದರ ಭಾರವು ಮಗುವಿನ ತಲೆಗೇರಿತು.

ಬಳಿಕ ಅವನು ರಂಗದ ಮೇಲೆಯೇ ಪ್ರಾಣ ಬಿಡುತ್ತಾನೆ. ಶಾಸ್ತ್ರವು ಮುರಿಯುವುದು ಇಲ್ಲಿ. ಕಡೆಗಾಲದಲ್ಲಿ ಅವನಿಗೆ ಶಂತನು ಮೊದಲಾದ ಪಿತೃಗಳೂ ಕರ್ಣನೂ ಕಾಣುತ್ತಾರೆ. ಇಂದ್ರನ ಕೈಹಿಡಿದು ಬಂದ ಅಭಿಮನ್ಯುವೂ ಕಾಣುತ್ತಾನೆ. ಸ್ವರ್ಗದಲ್ಲಿಯೂ ಆ ಹುಡುಗನ ಸಿಟ್ಟು ಇಳಿದಿಲ್ಲ. ಧೃತರಾಷ್ಟ್ರನು ತಪೋವನಕ್ಕೂ ಅಶ್ವತ್ಥಾಮನು ಬಾಣ ಹಿಡಿದು ಮಲಗಿದವರ ವಧೆಗೂ ಹೊರಡುತ್ತಾರೆ. ದುರ್ಜಯನು ಎತ್ತ ಹೋದನೆಂಬುದನ್ನು ಕವಿಯು ಹೇಳಿಲ್ಲ.