ಆ ಒಂದು ರೂಪಾಯಿ ಯಾರದು?

1982ರ ಏಷ್ಯನ್ ಕ್ರೀಡೆಗಳಿಗಾಗಿ ದಿಲ್ಲಿಯಲ್ಲಿ ಕ್ರೀಡಾಂಗಣಗಳೂ ಮೇಲುಸೇತುವೆಗಳೂ ಎದ್ದುನಿಂತವು. ಅಂಥ ವೈಭವವನ್ನು ಕುರಿತು ನಮ್ಮ ವಿದ್ಯಾರ್ಥಿಗಳು ಪ್ರಬಂಧ ಬರೆಯಬಲ್ಲರು. ಕಟ್ಟಿದವರನ್ನು ಕುರಿತು ಒಂದು ವಾಕ್ಯವನ್ನೂ ಬರೆಯಲಾರರು. ಇದು ಮಕ್ಕಳ ದೋಷವಲ್ಲ. ನಮ್ಮ ಬೋಧನೆಯ ಕುಂದು.

ರಾಜಸ್ಥಾನ, ಉತ್ತರ ಪ್ರದೇಶ, ಒರಿಸ್ಸಾಗಳಿಂದ ಜಮಾದಾರರು ಕರೆತಂದ ಆ ಕೂಲಿಕಾರರಿಗೆ ಸಲ್ಲಬೇಕಾಗಿದ್ದ ಕನಿಷ್ಠ ದಿನಗೂಲಿ 9.25 ರೂಪಾಯಿ, ಕೈಸೇರಿದ್ದು 8.25. ನಡುವಿನ ಒಂದು ರೂಪಾಯಿ ಜಮಾದಾರನ ದಸ್ತೂರಿ.

"ಒಪ್ಪಿಯೇ ದುಡಿದರಲ್ಲ, ಬಲಾತ್ಕಾರವೆಲ್ಲಿ?" ಎಂದು ವಾದಿಸುವ ಪಂಡಿತರು ಇಂದಿಗೂ ಇದ್ದಾರೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ವಾದದ ಬಾಯಿ ಮುಚ್ಚಿಸಿತು. ಹಸಿವಿನ ಒತ್ತಾಯವೂ ಒತ್ತಾಯವೇ. ಕನಿಷ್ಠ ಕೂಲಿಗಿಂತ ಕಡಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಿಟ್ಟಿ ದುಡಿಮೆಯ ಜಾತಿಗೇ ಸೇರಿದ್ದು ಎಂದಿತು. ಗುತ್ತಿಗೆದಾರನನ್ನು ಮುಂದೊಡ್ಡಿ ಸರಕಾರ ನುಣುಚಿಕೊಳ್ಳಲಾಗದೆಂದೂ ಸಾರಿತು.

ಗಡಿನಾಡಿನ ನಾವು ತಾಯ್ನುಡಿಯ ಶಾಲೆಗಾಗಿ 350ಎ ವಿಧಿಯನ್ನು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ನಮ್ಮ ಹಕ್ಕಿನ ಪುಟವನ್ನು ಮಾತ್ರ ತೆರೆದು, ಕೂಲಿಯವನ ಹಕ್ಕಿನ ಪುಟವನ್ನು ಮಡಿಸಿಡುವುದು ಯಾವ ನ್ಯಾಯ?

ಉಪಾಧ್ಯಾಯ ಬಂಧುಗಳೇ, ಕರಿಹಲಗೆಯ ಮೇಲೆ ಈ ಲೆಕ್ಕವನ್ನು ಬರೆಯಿರಿ: 9.25ರಲ್ಲಿ 8.25 ಕಳೆದರೆ ಉಳಿಯುವ ಒಂದು ರೂಪಾಯಿ ಯಾರದು? ಉತ್ತರವನ್ನು ಮಕ್ಕಳೇ ಹೇಳಲಿ.