ವರದಿಯಲ್ಲಿ ಇಲ್ಲದ ಗೆಳತಿ

ಎಲೆಕ್ಟ್ರಾನಿಕ್ ಸಿಟಿ ಬಳಿಯ ನಮ್ಮ ಎಂಬಿಎ ಕಾಲೇಜಿನ ವಾರ್ಷಿಕ ವರದಿ ಬಂದಿದೆ. ಮುಖಪುಟದಲ್ಲೇ ಅತಿ ಹೆಚ್ಚು ಸಂಬಳದ ಕೆಲಸ ಸಿಕ್ಕವನ ಫೋಟೊ. ಖುಷಿಯೇ, ನಮಗೆಲ್ಲ ಬಿರಿಯಾನಿಯನ್ನೂ ಕೊಡಿಸಿದ್ದಾನೆ. ಆದರೆ ಎರಡನೇ ಸೆಮಿಸ್ಟರ್‌ನಲ್ಲಿ ಓದು ಬಿಟ್ಟ ನನ್ನ ಗೆಳತಿ ಯಾವ ಪುಟದಲ್ಲೂ ಇಲ್ಲ. ಅವಳಪ್ಪ ಪೀಣ್ಯದಲ್ಲಿ ಲೇತ್ ಆಪರೇಟರ್. ವಿದ್ಯಾರ್ಥಿವೇತನ ಖಾತೆಗೆ ಬೀಳುವ ಮೊದಲೇ ಶುಲ್ಕ ಕಟ್ಟುವ ಕೊನೇ ದಿನ ಬಂದಿತ್ತು. ಎರಡು ಕಂತು ಕೇಳಿದಳು, ಕೊಡಲಿಲ್ಲ.

2016ರಿಂದ ರ‍್ಯಾಂಕಿಂಗ್ ಪ್ರಕಟಿಸುತ್ತಿರುವ ಎನ್‌ಐಆರ್‌ಎಫ್ ಲೆಕ್ಕಕ್ಕಿಡುವುದು ಮೀಡಿಯನ್ ಸಂಬಳವನ್ನು, ಅಂದರೆ ಸಾಲಿನ ಮಧ್ಯದಲ್ಲಿ ನಿಂತವರದ್ದು. ಪೂರ್ತಿ ಶುಲ್ಕ ಮರುಪಾವತಿ ಎಷ್ಟು ಮಂದಿಗಾಯಿತು ಎಂದೂ ಕೇಳುತ್ತದೆ. ನಮ್ಮ ಮುಖಪುಟಕ್ಕೂ ಅವೇ ಬರಲಿ. ಜೊತೆಗೆ ಸೇರಿದವರೆಷ್ಟು, ಮುಗಿಸಿದವರೆಷ್ಟು ಎಂಬ ಒಂದು ಸಾಲು.

ಗೆಳತಿ ಈಗ ವೈಟ್‌ಫೀಲ್ಡ್‌ನಲ್ಲಿ ರಾತ್ರಿಪಾಳಿ ಮಾಡುತ್ತಾಳೆ. ಫೋನ್ ಮಾಡಿದಾಗೆಲ್ಲ, ‘ಮತ್ತೆ ಸೇರಿಸ್ಕೋತಾರಾ ಕೇಳಿದ್ಯೇನೆ?’ ಅನ್ನುತ್ತಾಳೆ.