ಸಾರ್ವಭೌಮವಲ್ಲದ ನಾಡುಗಳ ರಾಷ್ಟ್ರೀಯ ಕ್ರೀಡಾ ತಂಡಗಳು

ಸ್ವತಂತ್ರ ದೇಶವೆಂಬ ಮಾನ್ಯತೆಯಿಲ್ಲದ ನಾಡುಗಳು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ತಮ್ಮದೇ ಹೆಸರು ಮತ್ತು ಧ್ವಜದಡಿ ಆಡಬಹುದೇ ಎಂಬುದು ಕ್ರೀಡಾ ಆಡಳಿತದಲ್ಲಿ ಇನ್ನೂ ಇತ್ಯರ್ಥವಾಗದ ಪ್ರಶ್ನೆಯಾಗಿದೆ. ಉತ್ತರ ಮತ್ತು ಮಧ್ಯ ಅಮೆರಿಕ ಹಾಗೂ ಕೆರಿಬಿಯನ್ ಪ್ರದೇಶದ ಫುಟ್‌ಬಾಲ್ ಒಕ್ಕೂಟವಾದ ಕಾನ್‌ಕಕಾಫ್, ಗ್ರೀನ್‌ಲ್ಯಾಂಡ್‌ನ ಸದಸ್ಯತ್ವದ ಅರ್ಜಿಯನ್ನು 2025ರ ಜೂನ್‌ನಲ್ಲಿ ಸರ್ವಾನುಮತದಿಂದ ತಿರಸ್ಕರಿಸಿದ ಬಳಿಕ ಈ ಚರ್ಚೆ ಮತ್ತೆ ಮುನ್ನೆಲೆಗೆ ಬಂದಿತು.

ಗ್ರೀನ್‌ಲ್ಯಾಂಡ್ ಮತ್ತು ಫ್ಯಾರೋ ದ್ವೀಪಗಳು

ಇವೆರಡೂ ಡೆನ್ಮಾರ್ಕ್ ಅರಸೊತ್ತಿಗೆಯೊಳಗಿನ ಸ್ವಯಮಾಡಳಿತ ಪ್ರದೇಶಗಳು. ಎರಡರ ಜನಸಂಖ್ಯೆಯೂ 55 ಸಾವಿರದ ಆಸುಪಾಸಿನಲ್ಲಿದೆ. ಫ್ಯಾರೋ 1988ರಲ್ಲಿ ಫಿಫಾ ಸೇರಿತು. 1990ರಲ್ಲಿ, ತವರಿನಲ್ಲಿ ಹುಲ್ಲಿನ ಮೈದಾನವಿಲ್ಲದ ಕಾರಣ ಸ್ವೀಡನ್ನಿನಲ್ಲಿ ಆಡಿದ ತನ್ನ ಮೊದಲ ಯುರೋಪಿಯನ್ ಅರ್ಹತಾ ಪಂದ್ಯದಲ್ಲೇ ಆಸ್ಟ್ರಿಯಾವನ್ನು 1–0 ಗೋಲಿನಿಂದ ಸೋಲಿಸಿತು. ಗ್ರೀನ್‌ಲ್ಯಾಂಡ್‌ಗೆ ಆ ಅವಕಾಶ ಸಿಗಲಿಲ್ಲ. ಜಿಬ್ರಾಲ್ಟರ್‌ನ ಪ್ರವೇಶಕ್ಕೆ ಸ್ಪೇನ್ ಅಡ್ಡಬಂದ ಹಿನ್ನೆಲೆಯಲ್ಲಿ, ಯುರೋಪಿನ ಒಕ್ಕೂಟವಾದ ಯುಇಎಫ್‌ಎ 2001ರಲ್ಲಿ ನಿಯಮವನ್ನು ಬಿಗಿಗೊಳಿಸಿ, ವಿಶ್ವಸಂಸ್ಥೆಯು ಗುರುತಿಸಿದ ದೇಶಗಳಿಗೆ ಮಾತ್ರ ಹೊಸ ಸದಸ್ಯತ್ವ ಎಂದಿತು. ನಿಯಮಕ್ಕಿಂತ ಹಳೆಯದಾದ ತನ್ನ ಅರ್ಜಿಯ ಬಲದಿಂದ ಜಿಬ್ರಾಲ್ಟರ್ 2013ರಲ್ಲಿ ಸದಸ್ಯತ್ವ ಪಡೆಯಿತು. ಗ್ರೀನ್‌ಲ್ಯಾಂಡ್ ಹೊರಗುಳಿದು, ಕಾನ್‌ಕಕಾಫ್‌ನತ್ತ ತಿರುಗಿತು. ಅಲ್ಲಿನ ಸದಸ್ಯರಾದ ಪೋರ್ಟೊ ರಿಕೊ, ಬರ್ಮುಡಾಗಳೂ ಸಾರ್ವಭೌಮವಲ್ಲ ಎಂಬುದು ಗಮನಾರ್ಹ. ನೆದರ್ಲೆಂಡ್ಸ್ ಅರಸೊತ್ತಿಗೆಯ ಕುರಾಸಾವ್ 2026ರ ವಿಶ್ವಕಪ್‌ಗೇ ಅರ್ಹತೆ ಗಳಿಸಿತು. ಹೀಗೆ, ಪ್ರವೇಶವನ್ನು ನಿರ್ಧರಿಸುತ್ತಿರುವುದು ತತ್ತ್ವಕ್ಕಿಂತ ಹೆಚ್ಚಾಗಿ ಅರ್ಜಿ ಸಲ್ಲಿಸಿದ ಕಾಲ.

ಆಟ ಬದಲಾದರೆ ನಾಡಿನ ಸ್ಥಾನವೂ ಬದಲಾಗುತ್ತದೆ. ಗ್ರೀನ್‌ಲ್ಯಾಂಡ್‌ನ ಪುರುಷರ ಹ್ಯಾಂಡ್‌ಬಾಲ್ ತಂಡ 2001, 2003 ಮತ್ತು 2007ರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಸ್ವಂತ ಹೆಸರಿನಲ್ಲೇ ಆಡಿದೆ. ಫುಟ್‌ಬಾಲ್‌ನಲ್ಲಿ ಮಾತ್ರ, ರಾಜಧಾನಿ ನೂಕ್‌ನಲ್ಲಿ ಹುಟ್ಟಿದ ಯೆಸ್ಪರ್ ಗ್ರೋನ್‌ಕ್ಯಾರ್ ಡೆನ್ಮಾರ್ಕ್ ಪರವಾಗಿ ಆಡಬೇಕಾಯಿತು.

ಆಕ್ಷೇಪಗಳು

ಪ್ರತ್ಯೇಕ ತಂಡಗಳು ಪ್ರತ್ಯೇಕತಾವಾದಕ್ಕೆ ಇಂಬು ನೀಡುತ್ತವೆ ಎಂಬುದು ಸಾಮಾನ್ಯ ಆಕ್ಷೇಪ. ಇದಕ್ಕಿಂತ ತೂಕವುಳ್ಳದ್ದು ಮತದ ಪ್ರಶ್ನೆ. ಫಿಫಾದಲ್ಲಿ ಪ್ರತಿ ಸದಸ್ಯ ಸಂಸ್ಥೆಗೂ ಒಂದು ಮತವಿರುವುದರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳ ಮೂಲಕ ಬ್ರಿಟನ್ ಒಂದಕ್ಕೇ ನಾಲ್ಕು ಮತಗಳು ದೊರೆಯುತ್ತವೆ. ಒಲಿಂಪಿಕ್ಸ್‌ನಲ್ಲಿ ಅದು ಒಂದೇ ತಂಡ. ಹೊಸ ಒಲಿಂಪಿಕ್ ಸಮಿತಿಗಳಿಗೆ ಸ್ವತಂತ್ರ ದೇಶವೆಂಬ ಷರತ್ತು 1996ರಿಂದೀಚೆಗೆ ಅನ್ವಯಿಸುತ್ತಿದೆ.

ಭಾರತದ ಪೂರ್ವನಿದರ್ಶನ

ಇಂದಿನ ಷರತ್ತು ಅಂದೇ ಇದ್ದಿದ್ದರೆ ಭಾರತಕ್ಕೂ ಪ್ರವೇಶ ದೊರೆಯುತ್ತಿರಲಿಲ್ಲ. ಬ್ರಿಟಿಷ್ ಆಳ್ವಿಕೆಯಲ್ಲಿದ್ದಾಗಲೇ ಭಾರತ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ತಂಡ ಕಳುಹಿಸಿತು. ಬೆಳಗಾವಿಯ ಓಟಗಾರ ಫಡೆಪ್ಪ ಚೌಗುಲೆ ಅಲ್ಲಿ ಮ್ಯಾರಥಾನ್ ಓಡಿದರು. 1928, 1932 ಮತ್ತು 1936ರ ಹಾಕಿ ಚಿನ್ನದ ಪದಕಗಳೂ ಸ್ವಾತಂತ್ರ್ಯಪೂರ್ವದವೇ.